ವೇಗ ಏರಿತು, ಅಂಕ ಇಳಿಯಿತು: ಹವ್ಯಾಸಿ ರೇಸ್ ಚಾಲಕಿಯ ಒಂದು ಸೀಸನ್

ಇದು ನನ್ನ ಗೆಳತಿಯೊಬ್ಬಳ ರೇಸಿಂಗ್ ಸೀಸನ್ನಿನ ಕಥೆ. ಹೆಸರು ಹಾಕಬೇಡ ಎಂದಿದ್ದಾಳೆ. ಅಂಕ, ಡೇಟಾ, ಎಡವಿದ ಜಾಗಗಳನ್ನೆಲ್ಲ ಬರೆಯಲು ಒಪ್ಪಿದ್ದಾಳೆ. ವಾರವಿಡೀ ಕೆಲಸ, ರಜೆ ಸಿಕ್ಕಾಗ ರೇಸ್, ಕೈಯಿಂದಲೇ ಖರ್ಚು. ನಾನು ಅವಳ ಕಾರಿನ ಟೈರ್ ಒತ್ತಡ ನೋಡುತ್ತೇನೆ. ರೇಸ್ ಮುಗಿದ ಮೇಲೆ ಕಾರಿನ ವೇಗ ದಾಖಲಿಸುವ ಲಾಗರ್‌ನಲ್ಲಿರುವ ಡೇಟಾ ತೆಗೆದು ಅವಳ ಜೊತೆ ಕೂರುತ್ತೇನೆ. ಸೀಸನ್ನಿನ ನಡುವೆ ಒಂದು ವಿಚಿತ್ರ ನಡೆಯಿತು. ಅವಳು ಹಿಂದೆಂದಿಗಿಂತ ವೇಗವಾಗಿ ಓಡಿಸುತ್ತಿದ್ದಳು, ಅದೇ ಹೊತ್ತಿಗೆ ಅಂಕಪಟ್ಟಿಯಲ್ಲಿ ಕೆಳಗೆ ಜಾರುತ್ತಿದ್ದಳು. ಅದು ಹೇಗೆ ಸಾಧ್ಯವಾಯಿತು ಅನ್ನೋದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಕಾರು ಮತ್ತು ನಿಯಮ. ಅವಳು ಓಡಿಸುವುದು ಮಾಜ್ದಾ ಎಂಎಕ್ಸ್-5. 1989ರಲ್ಲಿ ಮಾರುಕಟ್ಟೆಗೆ ಬಂದ ಈ ಎರಡು ಸೀಟಿನ ಪುಟ್ಟ ಕಾರು ಹವ್ಯಾಸಿ ರೇಸಿಂಗ್‌ನಲ್ಲಿ ಬಹಳ ಹೆಸರು ಮಾಡಿದೆ. ತೂಕ ಕಡಿಮೆ, ಎಂಜಿನ್ ಮುಂದೆ, ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ಅವಳ ಕ್ಲಾಸಿನಲ್ಲಿ ಎಲ್ಲರದ್ದೂ ಇದೇ ಕಾರು, ಒಂದೇ ಟೈರ್. ಎಂಜಿನ್‌ಗೆ ಕೈ ಹಾಕುವಂತಿಲ್ಲ. ಚಕ್ರದ ಅಲೈನ್‌ಮೆಂಟ್, ಟೈರ್ ಒತ್ತಡ, ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಆ್ಯಂಟಿ ರೋಲ್ ಬಾರ್ ಇಂಥ ಕೆಲವನ್ನು ಮಾತ್ರ ಬದಲಾಯಿಸಬಹುದು. ಹಾಗಾಗಿ ಇಲ್ಲಿ ವ್ಯತ್ಯಾಸ ಹುಟ್ಟುವುದು ಓಡಿಸುವವರಿಂದ, ಮತ್ತು ಕಾರನ್ನು ಎಷ್ಟು ಜೋಪಾನವಾಗಿ ತಯಾರು ಮಾಡಿದ್ದಾರೆ ಅನ್ನೋದರಿಂದ.

ಸೀಸನ್‌ಗೆ ಆರು ರೌಂಡ್, ಪ್ರತಿ ರೌಂಡ್‌ನಲ್ಲಿ ಎರಡು ರೇಸ್. ಅಂಕ ಕೊಡುವ ಕ್ರಮ 2010ರಿಂದ ಫಾರ್ಮುಲಾ ಒನ್‌ನಲ್ಲಿರುವಂಥದ್ದೇ. ಗೆದ್ದವರಿಗೆ 25, ನಂತರ 18, 15, 12, 10, 8, 6, 4, 2, 1. ರೇಸ್ ಮುಗಿಸದಿದ್ದರೆ ಸೊನ್ನೆ. ಈ ಸೊನ್ನೆಯನ್ನು ನೆನಪಿಟ್ಟುಕೊಳ್ಳಿ.

ಅವಳು ರೇಸಿಂಗ್ ಶುರು ಮಾಡಿದ್ದು ಮೂವತ್ತು ದಾಟಿದ ಮೇಲೆ. ಈ ವಯಸ್ಸಲ್ಲಿ ಯಾಕೆ ಎಂದು ಕೇಳಿದವರು ಬೇಕಾದಷ್ಟು ಜನ. ನಟ ಪಾಲ್ ನ್ಯೂಮನ್ ರೇಸಿಂಗ್‌ಗೆ ಇಳಿದದ್ದು ನಲವತ್ತು ದಾಟಿದ ಮೇಲೆ. 1979ರಲ್ಲಿ, 54ನೇ ವಯಸ್ಸಿನಲ್ಲಿ, ಲೆ ಮಾನ್ 24 ಗಂಟೆ ರೇಸ್‌ನಲ್ಲಿ ಅವರ ತಂಡ ಎರಡನೇ ಸ್ಥಾನಕ್ಕೆ ಬಂತು. ತಡವಾಗಿ ಬಂದವರಿಗೆ ಬಾಗಿಲು ಮುಚ್ಚಿಲ್ಲ ಎಂದು ಆ ಹೆಸರು ನೆನೆದಾಗಲೆಲ್ಲ ನನಗೆ ಅನ್ನಿಸುತ್ತದೆ.

ಏರಿಕೆ

ಮೊದಲ ರೌಂಡ್‌ನಲ್ಲಿ ಆರನೇ ಮತ್ತು ಐದನೇ ಸ್ಥಾನ. ಎರಡನೇ ರೌಂಡ್‌ನಲ್ಲಿ ಮೂರನೇ ಮತ್ತು ನಾಲ್ಕನೇ ಸ್ಥಾನ. ಒಟ್ಟು 45 ಅಂಕ. ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಕಾರು ಚೆನ್ನಾಗಿತ್ತು, ಅವಳು ಬ್ರೇಕ್ ಹಿಡಿಯುವ ಜಾಗವನ್ನು ಸ್ವಲ್ಪಸ್ವಲ್ಪವಾಗಿ ತಿರುವಿನ ಹತ್ತಿರಕ್ಕೆ ತಳ್ಳುತ್ತಿದ್ದಳು, ತಿರುವಿನಿಂದ ಹೊರಬರುವಾಗ ಮೊದಲಿಗಿಂತ ಬೇಗ ಆಕ್ಸಿಲರೇಟರ್ ತುಳಿಯುತ್ತಿದ್ದಳು. ತಿರುವಿನಿಂದ ಹೊರಗೆ ಬರುವಾಗ ಸಿಕ್ಕ ವೇಗ ಮುಂದಿನ ನೇರ ರಸ್ತೆಯ ಉದ್ದಕ್ಕೂ ಜೊತೆಗೇ ಬರುತ್ತದೆ. ನೇರ ರಸ್ತೆಯ ಕೊನೆಯಲ್ಲಿ ಮುಂಚೆ ಗಂಟೆಗೆ 165 ಕಿ.ಮೀ. ಕಾಣುತ್ತಿದ್ದ ಕಡೆ 170 ಕಾಣತೊಡಗಿತು.

ಐದೇ ಕಿ.ಮೀ. ಅಲ್ವಾ ಅನ್ನಿಸಬಹುದು. ಆದರೆ ಚಲಿಸುವ ಕಾರಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 165ರಿಂದ 80ಕ್ಕೆ ಇಳಿಸುವುದಕ್ಕಿಂತ 170ರಿಂದ 80ಕ್ಕೆ ಇಳಿಸುವಾಗ ಸುಮಾರು ಶೇ. 8ರಷ್ಟು ಹೆಚ್ಚು ಶಕ್ತಿಯನ್ನು ಬ್ರೇಕ್ ನುಂಗಬೇಕು. ಅಷ್ಟೂ ಶಾಖವಾಗಿ ಚಕ್ರದ ಜೊತೆ ತಿರುಗುವ ಡಿಸ್ಕ್, ಅದನ್ನು ಅದುಮುವ ಪ್ಯಾಡ್, ಪ್ಯಾಡನ್ನು ಒತ್ತುವ ಕ್ಯಾಲಿಪರ್‌ಗಳಿಗೆ ಹೋಗುತ್ತದೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ. ಇದು ಪ್ರತಿ ಲ್ಯಾಪ್‌ನಲ್ಲೂ (ಟ್ರ್ಯಾಕ್‌ನ ಒಂದು ಸುತ್ತು), ಪ್ರತಿ ಗಟ್ಟಿ ಬ್ರೇಕಿಂಗ್‌ನಲ್ಲೂ ನಡೆಯುತ್ತದೆ. ಓಡಿಸುವ ಕೈ ಪಳಗಿದಂತೆ ಕಾರಿನ ಮೇಲಿನ ಹೊರೆಯೂ ಏರುತ್ತದೆ. ಎರಡನೇ ರೌಂಡ್ ಮುಗಿಸಿ ಖುಷಿಯಲ್ಲಿದ್ದಾಗ ಈ ಕಡೆ ಯಾರೂ ಯೋಚಿಸಲಿಲ್ಲ. ಸೀಸನ್‌ಗೆ ಮುಂಚೆ ಹಾಕಿದ ಬ್ರೇಕ್ ಆಯಿಲ್ ಹಾಗೇ ಉಳಿಯಿತು.

ಮೂರನೇ ರೌಂಡ್

ಈ ಟ್ರ್ಯಾಕ್‌ನಲ್ಲಿ ಉದ್ದದ ನೇರ ರಸ್ತೆ, ಅದರ ಕೊನೆಗೆ ಬಿಗಿಯಾದ ತಿರುವು. ಬ್ರೇಕ್‌ಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ರೇಸ್‌ನಲ್ಲಿ ಯಾರು ಎಲ್ಲಿಂದ ಹೊರಡಬೇಕು ಎಂದು ತೀರ್ಮಾನಿಸುವ ಕ್ವಾಲಿಫೈಯಿಂಗ್‌ನಲ್ಲಿ ಅವಳು ಎರಡನೆಯವಳಾದಳು. ಅಲ್ಲಿಯವರೆಗಿನ ಅವಳ ಅತ್ಯುತ್ತಮ ಕ್ವಾಲಿಫೈಯಿಂಗ್ ಅದು. ಬೆಳಿಗ್ಗೆಯ ಪ್ರಾಕ್ಟೀಸ್‌ನಲ್ಲಿ ಪೆಡಲ್ ಒಮ್ಮೆ ಕೊಂಚ ಆಳಕ್ಕೆ ಇಳಿದಿತ್ತಂತೆ. ಕಾರು ನಿಲ್ಲಿಸಿ ಸರಿಪಡಿಸುವ ಜಾಗವಾದ ಪಿಟ್‌ಗೆ ಬಂದು ಕಾರು ತಣ್ಣಗಾದ ಮೇಲೆ ತುಳಿದು ನೋಡಿದರೆ ಪೆಡಲ್ ಗಟ್ಟಿಯಾಗಿತ್ತು. ಪಕ್ಕದ ಪಿಟ್‌ನವರೂ ತುಳಿದು ನೋಡಿ ಸರಿ ಇದೆ ಎಂದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎಷ್ಟೋ ಜನ ಹವ್ಯಾಸಿಗಳು ಮೋಸ ಹೋಗುವುದು ಇದೇ ಜಾಗದಲ್ಲಿ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನಂಶವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ನಿಯಮ. ನೀರು ಸೇರಿದ ಆಯಿಲ್‌ಗೆ ಅದೇ ದರ್ಜೆಯ ಕನಿಷ್ಠ ಮಟ್ಟ 155 ಡಿಗ್ರಿ. ರೇಸ್‌ಗೆಂದೇ ಮಾಡಿದ ಆಯಿಲ್ ಇದಕ್ಕಿಂತ ಎಷ್ಟೋ ಹೆಚ್ಚು ತಡೆಯುತ್ತದೆ, ಆದರೆ ಹಳೆಯದಾದಂತೆ ಅದೂ ಇಳಿಯುತ್ತದೆ. ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಒತ್ತಡವನ್ನು ನೇರ ಕ್ಯಾಲಿಪರ್‌ಗೆ ಸಾಗಿಸುತ್ತದೆ. ಆವಿ ಕುಗ್ಗುತ್ತದೆ. ಕಾಲು ಪೆಡಲನ್ನು ಒತ್ತುತ್ತಲೇ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ತಣ್ಣಗಾದ ಕೂಡಲೇ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾಗುತ್ತದೆ. ಹಾಗಾಗಿ ಪಿಟ್‌ನಲ್ಲಿ ನಿಂತ ಕಾರಿನ ಪೆಡಲ್ ತುಳಿದು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬಿಸಿಯಿದ್ದಾಗ ಒಮ್ಮೆ ಪೆಡಲ್ ಆಳಕ್ಕೆ ಹೋಯಿತು ಎಂದರೆ ಅದೇ ಸಾಕು, ಆಯಿಲ್ ಬದಲಾಯಿಸಲೇಬೇಕು.

ರೇಸ್‌ನ ಅರ್ಧ ದಾರಿಯಲ್ಲಿ, ಎರಡನೇ ಸ್ಥಾನದಲ್ಲಿದ್ದಾಗ, ಉದ್ದದ ನೇರ ರಸ್ತೆಯ ಕೊನೆಗೆ ಪೆಡಲ್ ತಳ ಮುಟ್ಟಿತು. ಅವಳು ಪೆಡಲನ್ನು ಪಟಪಟ ತುಳಿದಳು, ಗೇರ್ ಇಳಿಸಿದಳು, ತಿರುವಿಗೆ ಬರುವುದಿಲ್ಲ ಎಂದು ಗೊತ್ತಾದ ಕೂಡಲೇ ಸ್ಟಿಯರಿಂಗ್ ನೆಟ್ಟಗೆ ಹಿಡಿದು, ದಾರಿ ತಪ್ಪಿದ ಕಾರನ್ನು ತಡೆಯಲು ತಿರುವಿನಾಚೆ ಹಾಸಿದ ಜಲ್ಲಿಗೆ ಕಾರನ್ನು ಇಳಿಸಿದಳು. ಆ ಕೊನೆಯ ನಿರ್ಧಾರಕ್ಕೆ ನಾನು ಇವತ್ತಿಗೂ ತಲೆಬಾಗುತ್ತೇನೆ. ತಿರುಗಿಸಲು ಹೋಗಿದ್ದರೆ ಕಾರು ಅಡ್ಡ ಬಿದ್ದು ಪಲ್ಟಿಯಾಗುವ ಸಾಧ್ಯತೆ ಇತ್ತು. ಕಾರಿನ ಮುಂಭಾಗ ಒಡೆಯಿತು, ಅವಳಿಗೆ ಏನೂ ಆಗಲಿಲ್ಲ.

ರಾತ್ರಿ ಆಯಿಲ್ ಪೂರ್ತಿ ಬದಲಾಯಿಸಿ, ಮುಂಭಾಗವನ್ನು ಟೇಪ್ ಹಾಕಿ ಕೂರಿಸಿ ಮಾರನೇ ದಿನ ಗ್ರಿಡ್‌ನ (ರೇಸ್ ಹೊರಡುವ ಸಾಲಿನ) ಕೊನೆಯಿಂದ ಹೊರಟಳು. ಎಂಟನೆಯವಳಾಗಿ ಬಂದಳು. ಆ ರೇಸ್‌ನ ಎರಡನೇ ವೇಗದ ಲ್ಯಾಪ್ ಅವಳದ್ದು. ತಂಡಗಳು ಬೀಡು ಬಿಡುವ ಪ್ಯಾಡಾಕ್‌ನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ಅಂಕ ಮಾತ್ರ ನಾಲ್ಕು.

ಹೆದರಿಕೆ ಕಾರಿನ ದೋಷದಂತೆ ಕಂಡಾಗ

ಬ್ರೇಕ್ ಸರಿಹೋಯಿತು. ಬ್ರೇಕ್ ಮೇಲಿನ ನಂಬಿಕೆ ಸರಿಹೋಗಲಿಲ್ಲ. ಆದರೆ ಇದು ಆಗ ಅವಳಿಗೇ ಗೊತ್ತಿರಲಿಲ್ಲ. ಅವಳಿಗೆ ಗೊತ್ತಾಗುತ್ತಿದ್ದದ್ದು ಒಂದೇ, ಕಾರು ತಿರುವಿಗೆ ಸರಿಯಾಗಿ ತಿರುಗುತ್ತಿಲ್ಲ. ಸ್ಟಿಯರಿಂಗ್ ತಿರುಗಿಸಿದರೂ ಮೂತಿ ಹೊರಕ್ಕೇ ಜಾರುತ್ತದೆ. ಇದಕ್ಕೆ ಅಂಡರ್‌ಸ್ಟಿಯರ್ ಎನ್ನುತ್ತಾರೆ. ಜಲ್ಲಿಯಲ್ಲಿ ಏನೋ ಬಾಗಿರಬೇಕು ಎಂದುಕೊಂಡು ಅಲೈನ್‌ಮೆಂಟ್ ಮಾಡಿಸಿದಳು. ಎಲ್ಲ ಅಳತೆಯೂ ಸರಿಯಾಗಿತ್ತು. ಆಮೇಲೆ ಹಿಂದಿನ ಆ್ಯಂಟಿ ರೋಲ್ ಬಾರನ್ನು ಬಿಗಿ ಮಾಡಿದಳು.

ಪುಸ್ತಕದ ಪ್ರಕಾರ ಅದು ಸರಿಯಾದ ಮದ್ದೇ. ತಿರುವಿನಲ್ಲಿ ಭಾರ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಸರಿಯುತ್ತದೆ. ಹಿಂದಿನ ಬಾರ್ ಬಿಗಿಯಾದಷ್ಟೂ ಆ ಸರಿಯುವಿಕೆಯ ಹೆಚ್ಚು ಪಾಲು ಹಿಂದಿನ ಚಕ್ರಗಳಿಗೆ ಬರುತ್ತದೆ. ಹಿಂದಿನ ಹಿಡಿತ ಒಟ್ಟಾರೆ ಕಡಿಮೆಯಾಗುತ್ತದೆ, ಮುಂದಿನದು ಕೊಂಚ ಹೆಚ್ಚುತ್ತದೆ, ಮೂತಿ ಒಳಕ್ಕೆ ಬರುತ್ತದೆ. ಒಣ ಟ್ರ್ಯಾಕ್‌ನಲ್ಲಿ ಒಮ್ಮೆ ಓಡಿಸಿ ನೋಡಿದಳು. ಚುರುಕಾಗಿದೆ ಎಂದಳು.

ಡೇಟಾ ಬೇರೆ ಕಥೆ ಹೇಳುತ್ತಿತ್ತು. ಅದನ್ನು ಕೂತು ಬಿಡಿಸಿ ನೋಡಿದ್ದು ನಾಲ್ಕನೇ ರೌಂಡ್ ಮುಗಿದ ಮೇಲೆ. ಆದರೆ ಕಾರಣ ಅರ್ಥವಾಗಲಿ ಎಂದು ಇಲ್ಲೇ ಹೇಳಿಬಿಡುತ್ತೇನೆ. ಎರಡನೇ ರೌಂಡ್‌ನಲ್ಲಿ ಅವಳು ಬ್ರೇಕ್ ಗಟ್ಟಿಯಾಗಿ ಹಿಡಿದು, ತಿರುವಿಗೆ ಹೊರಳುವಾಗ ಮೆಲ್ಲಗೆ ಬಿಡುತ್ತಿದ್ದಳು. ಡೇಟಾದ ನಕ್ಷೆಯಲ್ಲಿ ವೇಗ ತಗ್ಗುವ ಗೆರೆ ಉದ್ದನೆಯ ಇಳಿಜಾರಿನಂತೆ ಇತ್ತು. ಜಲ್ಲಿಯ ಘಟನೆಯ ನಂತರ ಅವಳು ಬ್ರೇಕ್ ಒಂದಿಷ್ಟು ಮುಂಚೆಯೇ ಹಿಡಿಯುತ್ತಿದ್ದಳು, ಕಾರು ನಿಧಾನವಾಯಿತು ಎಂದು ಖಾತ್ರಿಯಾದ ಕೂಡಲೇ ಪೂರ್ತಿ ಬಿಟ್ಟು, ಆಮೇಲೆ ಸ್ಟಿಯರಿಂಗ್ ತಿರುಗಿಸುತ್ತಿದ್ದಳು. ಗೆರೆ ಮೆಟ್ಟಿಲಿನಂತೆ ಕಡಿದು ಬೀಳುತ್ತಿತ್ತು.

ಬ್ರೇಕ್ ಹಿಡಿದಾಗ ಕಾರಿನ ಭಾರ ಮುಂದಕ್ಕೆ ಬಾಗುತ್ತದೆ, ಮುಂದಿನ ಟೈರ್‌ಗಳು ರಸ್ತೆಯನ್ನು ಕಚ್ಚಿ ಹಿಡಿಯುತ್ತವೆ. ಮೆಲ್ಲಗೆ ಬಿಟ್ಟರೆ ಆ ಹಿಡಿತ ತಿರುವಿನೊಳಕ್ಕೂ ಉಳಿಯುತ್ತದೆ. ಒಮ್ಮೆಲೇ ಬಿಟ್ಟರೆ ಮೂತಿ ಮೇಲೆದ್ದು, ಹಿಡಿತ ಬೇಕಾದ ಹೊತ್ತಿಗೇ ಅದು ಕಡಿಮೆಯಾಗುತ್ತದೆ. ಅಂದರೆ ಅಂಡರ್‌ಸ್ಟಿಯರ್ ಬಂದದ್ದು ಅವಳ ಬಲಗಾಲಿನಿಂದ. ಮದ್ದು ಕೊಟ್ಟದ್ದು ಕಾರಿನ ಹಿಂಭಾಗಕ್ಕೆ. ಇಡೀ ಸೀಸನ್ನಿನ ಗಂಟು ಇಲ್ಲಿದೆ ಎಂದು ನನ್ನ ನಂಬಿಕೆ. ಬ್ರೇಕ್ ಕೈಕೊಟ್ಟಿದ್ದಕ್ಕಿಂತ ಇದರಿಂದಾದ ನಷ್ಟ ದೊಡ್ಡದು.

ನಾಲ್ಕನೇ ರೌಂಡ್‌ನಲ್ಲಿ ಮಳೆ ಬಂತು. ರಬ್ಬರ್ ಮೆತ್ತಿಕೊಂಡಿರುವ ಒಣಗಾಲದ ರೇಸಿಂಗ್ ಲೈನ್, ಅಂದರೆ ಎಲ್ಲರೂ ಹಿಡಿಯುವ ವೇಗದ ದಾರಿ, ಒದ್ದೆಯಾದರೆ ಜಾರುತ್ತದೆ. ಅನುಭವಿಗಳು ಆ ಲೈನ್ ಬಿಟ್ಟು ಹೊರಗೆ, ರಬ್ಬರ್ ಇಲ್ಲದ ಒರಟು ಡಾಂಬರಿನಲ್ಲಿ ಹಿಡಿತ ಹುಡುಕುತ್ತಾರೆ. ಇದು ಅವಳಿಗೆ ಗೊತ್ತಿತ್ತು, ಮೊದಲ ಕೆಲವು ಲ್ಯಾಪ್ ಚೆನ್ನಾಗಿಯೇ ಮಾಡಿದಳು. ಮಳೆಗೆ ಕಾರಿನ ಸಸ್ಪೆನ್ಷನ್ ಮೃದುವಾಗಿರಬೇಕು, ಅದರಲ್ಲೂ ಹಿಂಭಾಗ. ಅವಳ ಕಾರಿನ ಹಿಂಭಾಗ ಸೀಸನ್ನಿನಲ್ಲೇ ಅತಿ ಬಿಗಿಯಾಗಿತ್ತು. ಮಳೆ ಶುರುವಾದದ್ದು ಗ್ರಿಡ್‌ಗೆ ಕರೆದ ಮೇಲೆ, ಬದಲಾಯಿಸಲು ಸಮಯವಿರಲಿಲ್ಲ.

ವೇಗದ ತಿರುವೊಂದರಲ್ಲಿ ಮುಂದಿನ ಕಾರು ಸ್ವಲ್ಪ ತಡವರಿಸಿತು. ಅವಳು ಆಕ್ಸಿಲರೇಟರ್‌ನಿಂದ ಕಾಲು ತೆಗೆದಳು. ಭಾರ ಮುಂದಕ್ಕೆ ಬಾಗಿತು, ಮೊದಲೇ ಹಿಡಿತ ಕಡಿಮೆಯಿದ್ದ ಹಿಂಭಾಗ ಬಿಟ್ಟುಕೊಟ್ಟಿತು. ಕಾರು ಗಿರ್ರನೆ ತಿರುಗಿ ಟ್ರ್ಯಾಕ್‌ಗೆ ಅಡ್ಡಲಾಗಿ ನಿಂತಿತು. ಹಿಂದೆ ಬರುತ್ತಿದ್ದವರಿಗೆ ನೀರಿನ ತುಂತುರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಅಪಾಯದ ಎಚ್ಚರಿಕೆ ಕೊಡುವ ಹಳದಿ ಬಾವುಟ ಬೀಸುವಷ್ಟರಲ್ಲಿ ಒಂದು ಕಾರು ಇವಳ ಎಡ ಹಿಂಬದಿಗೆ ಗುದ್ದಿತು. ಯಾರ ತಪ್ಪೂ ಇಲ್ಲ ಎಂದು ಅಧಿಕಾರಿಗಳು ತೀರ್ಮಾನಿಸಿದರು. ನನಗೂ ಹಾಗೇ ಅನ್ನಿಸುತ್ತದೆ.

ಅವಳು ತಾನೇ ಇಳಿದು ನಡೆದು ಬಂದಳು. ವೈದ್ಯರು ನೋಡಿ ಪೆಟ್ಟಿಲ್ಲ ಎಂದರು. ಅವಳ ಕತ್ತಿನ ಸುತ್ತ ಹ್ಯಾನ್ಸ್ ಇತ್ತು. ಹೆಲ್ಮೆಟ್ಟನ್ನು ಪಟ್ಟಿಗಳಿಂದ ಭುಜದ ಸಾಧನಕ್ಕೆ ಕಟ್ಟಿ, ಡಿಕ್ಕಿಯಾದಾಗ ತಲೆ ಮುಂದಕ್ಕೆ ಚಿಮ್ಮದಂತೆ ತಡೆಯುವ ಈ ಸಾಧನವನ್ನು 1980ರ ದಶಕದಲ್ಲಿ ರಾಬರ್ಟ್ ಹಬಾರ್ಡ್ ರೂಪಿಸಿದರು, ಜೊತೆಗಿದ್ದವರು ರೇಸ್ ಚಾಲಕ ಜಿಮ್ ಡೌನಿಂಗ್. ಫಾರ್ಮುಲಾ ಒನ್‌ನಲ್ಲಿ ಅದು ಕಡ್ಡಾಯವಾದದ್ದು 2003ರಲ್ಲಿ. ಕಾರಿಗೆ ಖರ್ಚು ಮಾಡುವ ಮುಂಚೆ ಕತ್ತಿಗೆ ಖರ್ಚು ಮಾಡಿ ಎಂದು ಹೊಸಬರಿಗೆ ನಾನು ಕೈಮುಗಿದು ಹೇಳುತ್ತೇನೆ.

ಹಿಂದಿನ ಸಸ್ಪೆನ್ಷನ್ ತೋಳು ಬಾಗಿತ್ತು, ಚಕ್ರದ ಹಬ್ ಕೆಟ್ಟಿತ್ತು. ಎರಡನೇ ರೇಸ್‌ಗೆ ಕಾರು ಹೊರಡಲಿಲ್ಲ. ಎರಡು ಸೊನ್ನೆ. ಅಂಕ 49ರಲ್ಲೇ ನಿಂತಿತು.

ರಿಪೇರಿ, ಮತ್ತು ಎಡಗಾಲು

ಅವಳು ಸೀಸನ್ ಬಿಟ್ಟುಬಿಡುವ ಮಾತಾಡಿದಳು. ಹಣದ ವಿಷಯ ಮುಖ್ಯವಾಗಿತ್ತು. ಸಸ್ಪೆನ್ಷನ್, ಹಬ್, ಬಾಡಿ ಕೆಲಸ, ಜೊತೆಗೆ ಸೀಟ್ ಬೆಲ್ಟ್. ಜೋರಾದ ಡಿಕ್ಕಿಯಲ್ಲಿ ಬೆಲ್ಟಿನ ಪಟ್ಟಿ ಎಳೆದುಕೊಂಡು ಹಿಗ್ಗಿರುತ್ತದೆ, ಕಣ್ಣಿಗೆ ಚೆನ್ನಾಗಿ ಕಂಡರೂ ಬದಲಾಯಿಸಬೇಕು. ಇಷ್ಟೆಲ್ಲ ಆದ ಮೇಲೆ ಹೊಸ ಟೈರ್‌ಗೆ ಹಣ ಉಳಿಯುತ್ತಿರಲಿಲ್ಲ. ಕಡೆಗೆ ಅವಳು ಒಂದು ನಿರ್ಧಾರಕ್ಕೆ ಬಂದಳು. ಹೊಸ ಟೈರ್ ಬೇಡ, ಇರುವ ಹಳೆಯ ಟೈರ್‌ಗಳಲ್ಲೇ ಮುಂದಿನ ರೌಂಡ್ ಓಡಿಸೋದು, ಉಳಿದ ಚೂರು ಹಣದಲ್ಲಿ ಒಂದು ಪ್ರಾಕ್ಟೀಸ್ ದಿನ. ನನ್ನ ದೃಷ್ಟಿಯಲ್ಲಿ ಸೀಸನ್ ಬದಲಾದದ್ದು ಈ ಆಯ್ಕೆಯಿಂದ.

ಆ ದಿನ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿದೆವು. ಮೊದಲು ಹಿಂದಿನ ಬಾರ್ ಬಿಗಿಯಾಗಿದ್ದಂತೆ, ಆಮೇಲೆ ಸಡಿಲ, ಮತ್ತೆ ಬಿಗಿ. ಟೈರ್ ಒತ್ತಡ, ಪೆಟ್ರೋಲ್ ಮಟ್ಟ ಎಲ್ಲ ಒಂದೇ. ಮೂರನೇ ಸಲ ಹಳೆಯದಕ್ಕೆ ಮರಳಿದ್ದು ಸುಮ್ನೆ ಅಲ್ಲ. ಹೊತ್ತೇರಿದಂತೆ ಟ್ರ್ಯಾಕ್ ಬದಲಾಗುತ್ತದೆ, ಚಾಲಕಿಯ ಕೈಯೂ ಕುದುರುತ್ತದೆ. ಮರಳಿ ನೋಡದಿದ್ದರೆ ಸುಧಾರಿಸಿದ್ದು ಕಾರೋ ಟ್ರ್ಯಾಕೋ ಗೊತ್ತಾಗದು. ಉತ್ತರ ಸ್ಪಷ್ಟವಾಗಿತ್ತು. ಬಾರ್ ಬಿಗಿಯಾಗಿದ್ದರೂ ಸಡಿಲವಾಗಿದ್ದರೂ ತಿರುವಿಗೆ ಹೊಕ್ಕುವಾಗ ಅಂಡರ್‌ಸ್ಟಿಯರ್ ಇದ್ದೇ ಇತ್ತು. ಬಿಗಿಯಾಗಿದ್ದಾಗ ಅದು ಕೊಂಚ ಕಡಿಮೆ, ಬದಲಿಗೆ ತಿರುವಿನ ನಡುವೆ ಹಿಂಭಾಗ ಅಳುಕುತ್ತಿತ್ತು.

ಆಗ ಎರಡನೇ ರೌಂಡ್‌ನ ಗೆರೆಯನ್ನೂ ಆ ದಿನದ ಗೆರೆಯನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದೆ. ಅವಳು ತುಂಬಾ ಹೊತ್ತು ನೋಡಿ ಹೇಳಿದ್ದು ಇಷ್ಟೇ: "ನನಗೆ ಪೆಡಲ್ ಮೇಲೆ ನಂಬಿಕೆ ಇಲ್ಲ ಕಣೋ. ಅದು ಇರುತ್ತೋ ಇಲ್ವೋ ಅಂತ ತಿಳ್ಕೊಳ್ಳೋಕೇ ಬೇಗ ತುಳೀತೀನಿ."

ರೋಗ ಗೊತ್ತಾದ ಮೇಲೆ ಮದ್ದು ಸರಳವಾಗಿತ್ತು. ಅನುಭವಿ ಚಾಲಕರೊಬ್ಬರು ಹಳೆಯ ಅಭ್ಯಾಸವೊಂದನ್ನು ಹೇಳಿಕೊಟ್ಟರು. ನೇರ ರಸ್ತೆಯಲ್ಲಿ ಎಡಗಾಲಿಗೆ ಕೆಲಸ ಇರುವುದಿಲ್ಲ. ಬ್ರೇಕ್ ಜಾಗ ಬರುವ ಮುಂಚೆ, ಬಲಗಾಲು ಆಕ್ಸಿಲರೇಟರ್ ಮೇಲೇ ಇರುವಾಗ, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಮೆಲ್ಲಗೆ ಒಮ್ಮೆ ಮುಟ್ಟುವುದು. ಪೆಡಲ್ ಗಟ್ಟಿಯಾಗಿದ್ದರೆ ನಿಶ್ಚಿಂತೆ. ಆಳಕ್ಕೆ ಹೋದರೆ ಇನ್ನೂ ಸಮಯವಿದೆ, ಪದೇ ಪದೇ ತುಳಿದು ಒತ್ತಡ ಕಟ್ಟಿಕೊಳ್ಳಬಹುದು. ಆ ಸಂಜೆಯೇ ಅವಳ ಬ್ರೇಕ್ ಗೆರೆ ಮತ್ತೆ ಇಳಿಜಾರಾಗತೊಡಗಿತು. ಬಾರ್ ಸಡಿಲ ಸ್ಥಿತಿಯಲ್ಲಿತ್ತು. ಅಂಡರ್‌ಸ್ಟಿಯರ್ ಬಗ್ಗೆ ಅವಳು ಆಮೇಲೆ ಮಾತೇ ಎತ್ತಲಿಲ್ಲ.

ಕೊನೆಯ ಎರಡು ರೌಂಡ್

ಐದನೇ ರೌಂಡ್‌ನಲ್ಲಿ ಏಳನೇ ಮತ್ತು ಆರನೇ ಸ್ಥಾನ. ಮೇಲ್ನೋಟಕ್ಕೆ ಸಾಧಾರಣ. ಹಲವು ಬಾರಿ ಕಾದು ತಣಿದ ಹಳೆಯ ಟೈರ್‌ಗಳು ಗಡುಸಾಗಿ ಹಿಡಿತ ಕಳೆದುಕೊಂಡಿದ್ದವು, ಆದ್ದರಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿರಲಿಲ್ಲ. ನಾನು ನೋಡುತ್ತಿದ್ದದ್ದು ಲ್ಯಾಪ್‌ಗಳ ನಡುವಿನ ಅಂತರವನ್ನು. ಮೊದಲು ಒಂದೇ ರೇಸ್‌ನಲ್ಲಿ ಅವಳ ಲ್ಯಾಪ್‌ಗಳು ಒಂದು ಸೆಕೆಂಡಿಗಿಂತ ಹೆಚ್ಚು ಹಿಂದೆಮುಂದೆ ಆಗುತ್ತಿದ್ದವು. ಈಗ ಅರ್ಧ ಸೆಕೆಂಡಿನೊಳಗೆ ಬಂದಿದ್ದವು. 14 ಅಂಕ, ಎರಡೂ ರೇಸ್ ಪೂರ್ತಿ.

ಕೊನೆಯ ರೌಂಡ್ ಮೂರನೇ ರೌಂಡ್ ನಡೆದ ಅದೇ ಟ್ರ್ಯಾಕ್‌ನಲ್ಲಿ. ಅದೇ ಉದ್ದದ ನೇರ ರಸ್ತೆ, ಅದೇ ಜಲ್ಲಿ. ಹೊಸ ಟೈರ್ ಹೇಗೋ ಹೊಂದಿಸಿದ್ದಳು. ಶನಿವಾರ ನಾಲ್ಕನೆಯವಳು, ಭಾನುವಾರ ಎರಡನೆಯವಳು. ಅವಳ ಅತಿ ವೇಗದ ಲ್ಯಾಪ್ ಮೂರನೇ ರೌಂಡ್‌ನದ್ದಕ್ಕಿಂತ ಕೊಂಚ ನಿಧಾನವೇ ಇತ್ತು. ಆದರೆ ಇಡೀ ರೇಸ್‌ನ ಸರಾಸರಿ ಚೆನ್ನಾಗಿತ್ತು. ಈ ಹೋಲಿಕೆ ಪೂರ್ತಿ ನ್ಯಾಯವಾದದ್ದಲ್ಲ. ಅವತ್ತು ತಂಪಾಗಿತ್ತು, ಮೂರನೇ ರೌಂಡ್‌ನ ಎರಡನೇ ರೇಸ್‌ನಲ್ಲಿ ಅವಳು ಹಿಂದಿನಿಂದ ಬಂದು ಕಾರುಗಳ ನಡುವೆ ಸಿಕ್ಕಿಕೊಂಡಿದ್ದಳು. ಆದರೂ ಬ್ರೇಕ್ ಗೆರೆಗಳನ್ನು ನೋಡಿದರೆ ವಾದಕ್ಕೆ ಜಾಗವಿಲ್ಲ. ಜಲ್ಲಿಗೆ ಹೋದ ಅದೇ ತಿರುವಿನಲ್ಲಿ, ಕೊನೆಯ ಲ್ಯಾಪ್‌ನಲ್ಲಿ, ಒಳಬದಿಯಿಂದ ತಡವಾಗಿ ಬ್ರೇಕ್ ಹಿಡಿದು ಒಬ್ಬರನ್ನು ಹಿಂದಿಕ್ಕಿದಳು. ಬೇಲಿಯ ಪಕ್ಕ ನಿಂತು ನಾನು ಕೂಗಿದ್ದಕ್ಕೆ ಮರುದಿನ ಗಂಟಲೇ ಇರಲಿಲ್ಲ.

ಒಟ್ಟು 93 ಅಂಕ, ಐದನೇ ಸ್ಥಾನ. ಮೂರನೇ ಸ್ಥಾನದವರಿಗೆ 118. ಮೂರು ಸೊನ್ನೆಗಳ ಜಾಗದಲ್ಲಿ ಮೂರು ಐದನೇ ಸ್ಥಾನ ಬಂದಿದ್ದರೆ 30 ಅಂಕ ಸೇರಿ 123 ಆಗುತ್ತಿತ್ತು. ಲೆಕ್ಕ ಅಷ್ಟು ನೇರವಾಗಿಲ್ಲ ನಿಜ, ಅವಳು ಮೇಲೇರಿದರೆ ಬೇರೆಯವರ ಅಂಕವೂ ಇಳಿಯುತ್ತದೆ. ಆದರೆ ಗಮನಿಸಿ, ಇದಕ್ಕೆ ಒಂದು ಚೂರೂ ಹೆಚ್ಚಿನ ವೇಗ ಬೇಕಿರಲಿಲ್ಲ. ಎರಡನೇ ರೌಂಡ್ ಆದ ಮೇಲೆ ಒಂದು ಬಾಟಲಿ ಹೊಸ ಆಯಿಲ್ ಹಾಕಿದ್ದರೆ ಜಲ್ಲಿ ಇರುತ್ತಿರಲಿಲ್ಲ. ಜಲ್ಲಿ ಇರದಿದ್ದರೆ ಆ ಹೆದರಿಕೆ, ಬಿಗಿಯಾದ ಬಾರ್ ಎರಡೂ ಇರುತ್ತಿರಲಿಲ್ಲ. ಮಳೆಯಲ್ಲಿ ಆ ಸ್ಪಿನ್ ಆಗೇ ಆಗುತ್ತಿರಲಿಲ್ಲ ಎಂದು ಆಣೆ ಮಾಡಲಾರೆ, ಆದರೆ ಕಾರು ಅಷ್ಟು ಸುಲಭವಾಗಿ ತಿರುಗುತ್ತಿರಲಿಲ್ಲ.

ಈಗ ಅವಳ ಹತ್ತಿರ ಒಂದು ನೋಟ್‌ಬುಕ್ ಇದೆ. ಪೆಡಲ್ ಯಾವ ಲ್ಯಾಪ್‌ನಲ್ಲಿ ಹೇಗನ್ನಿಸಿತು, ಆಯಿಲ್ ಯಾವಾಗ ಬದಲಾಯಿತು, ಬಾರ್ ಎಷ್ಟು ಬಿಗಿಯಿದೆ ಎಲ್ಲ ಅದರಲ್ಲಿ ಬರೆಯುತ್ತಾಳೆ. ಪ್ರತಿ ರೌಂಡ್‌ಗೆ ಮುಂಚೆ ಬ್ರೇಕ್ ಆಯಿಲ್ ಹೊಸದು. ಉಳಿದಿರುವ ದೊಡ್ಡ ಪ್ರಶ್ನೆ ಮಳೆ. ಕೊನೆಯ ಎರಡೂ ರೌಂಡ್ ಒಣ ಟ್ರ್ಯಾಕ್‌ನಲ್ಲೇ ನಡೆದವು. ಸಡಿಲ ಬಾರ್ ಮತ್ತು ಮೆಲ್ಲಗೆ ಬಿಡುವ ಬ್ರೇಕ್ ಒದ್ದೆ ಟ್ರ್ಯಾಕ್‌ನಲ್ಲಿ ಅವಳಿಗೆ ಎಷ್ಟು ನೆರವಾಗುತ್ತವೆ ಎಂದು ಇನ್ನೂ ಪರೀಕ್ಷೆಯಾಗಿಲ್ಲ. ಮುಂದಿನ ಸೀಸನ್ ಶುರುವಾಗುವ ಮುಂಚೆ ಮಳೆ ಬೀಳುವ ದಿನವೊಂದನ್ನು ನೋಡಿ ಟ್ರ್ಯಾಕ್‌ಗೆ ಹೋಗುವುದು ಎಂದು ಮಾತಾಗಿದೆ.